ಪಣಂಬೂರಿನ ಬಂದರಿಗೆ ಘಟ್ಟದ ಮೇಲಿಂದ ಒಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರು ಮತ್ತು ಮಂಡಳಿಯ ಸದಸ್ಯರು,
ನವಮಂಗಳೂರು ಬಂದರು ಪ್ರಾಧಿಕಾರ,
ಪಣಂಬೂರು, ಮಂಗಳೂರು.

ಇವರಿಗೆ ತೀರ್ಥಹಳ್ಳಿ ಸೀಮೆಯ ಒಬ್ಬ ಅಡಿಕೆ ಬೆಳೆಗಾರನ ನಮಸ್ಕಾರಗಳು.

ಪತ್ರ ನಿಮ್ಮ ವಿಳಾಸಕ್ಕೆ ಬರೆದದ್ದಾದರೂ ಇದರಲ್ಲಿ ಅರ್ಧ ನಮ್ಮವರೇ ಓದಬೇಕಾದದ್ದು. ಹಾಗಾಗಿ ಲಕೋಟೆಯಲ್ಲಿ ಹಾಕಿ ಅಂಚೆಗೆ ಕೊಡದೆ ಎಲ್ಲರ ಎದುರಿಗೇ ಇಡುತ್ತಿದ್ದೇನೆ. ಕೇಳಬೇಕಾದ ಪ್ರಶ್ನೆ ಒಂದೇ: ನಿಮ್ಮ ಅಧಿಕಾರ ಎಲ್ಲಿಂದ ಎಲ್ಲಿಯವರೆಗೆ? ಕಡಲಿನ ಕಡೆಯ ಎಲ್ಲೆಯನ್ನು ಗೆಜೆಟ್ಟಿನಲ್ಲಿ ನೋಡಿಕೊಳ್ಳಬಹುದು. ಘಟ್ಟದ ಕಡೆಗೆ ಅದು ಎಲ್ಲಿ ನಿಲ್ಲುತ್ತದೆ ಎಂಬುದು ನಮಗೆ ಇವತ್ತಿನವರೆಗೂ ಯಾರೂ ಕೂತು ಹೇಳಿಲ್ಲ.

ಅಡಿಕೆ ಗೊನೆಯ ಕೊಯ್ಲು ಹತ್ತಿರವಾಗುವ ಹೊತ್ತಿಗೆ ಶಿವಮೊಗ್ಗದ ಮಂಡಿಯಲ್ಲಿ ರಾಶಿ ಇಡಿ ಎಂಬ ದರ್ಜೆಯ ಅಡಿಕೆಯ ಧಾರಣೆ ಜಾರಿತೆಂದರೆ ಸಾಕು, "ಮಂಗಳೂರು ಬಂದರಿಗೆ ಹೊರಗಿನ ಅಡಿಕೆ ಬಂದಿದೆಯಂತೆ" ಎಂಬ ಸುದ್ದಿ ಆಗುಂಬೆಯಿಂದ ಸೊರಬದವರೆಗೆ ಹಬ್ಬುತ್ತದೆ. ಯಾವ ಹಡಗು, ಯಾವ ದೇಶದ್ದು, ಎಷ್ಟು ಟನ್ನು, ಇದಾವುದನ್ನೂ ಯಾರೂ ವಿಚಾರಿಸುವುದಿಲ್ಲ. ಸೊಸೈಟಿಯ ಸಭೆಯಲ್ಲಿ ಯಾರಾದರೊಬ್ಬರು ಎದ್ದು ನಿಂತು ಬಂದರಿಗೇ ಮುತ್ತಿಗೆ ಹಾಕೋಣ ಎನ್ನುತ್ತಾರೆ, ಚಪ್ಪಾಳೆ ಬೀಳುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕತೆ ಇದು. ಆದರೆ ಎಮ್ಮೆ ತಾನು ಎಮ್ಮೆ ಎಂದು ಹೇಳಿಕೊಳ್ಳದಿದ್ದರೆ ಬರೆ ಹಾಕುವವರನ್ನು ಮಾತ್ರ ಬೈದು ಏನು ಪ್ರಯೋಜನ?

ನಮ್ಮವರ ಸಲುವಾಗಿ ಮೊದಲು ಎತ್ತಿನ ವಿಚಾರ ಮುಗಿಸುತ್ತೇನೆ. ಹೊರದೇಶದ ಅಡಿಕೆ ಒಳಗೆ ಬರಬೇಕೇ ಬೇಡವೇ, ಬಂದರೆ ಎಷ್ಟು ಬೆಲೆಗಿಂತ ಕೆಳಗೆ ಬರಕೂಡದು ಎಂದು ತೀರ್ಮಾನಿಸುವುದು ದೆಹಲಿಯ ವಾಣಿಜ್ಯ ಸಚಿವಾಲಯದ ಕೈಕೆಳಗಿನ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ. 2023ರ ಫೆಬ್ರವರಿಯಲ್ಲಿ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದ್ದು ಅದೇ. ವಿಶೇಷ ಆರ್ಥಿಕ ವಲಯದ ಘಟಕಗಳಿಗೂ ರಫ್ತಿಗೆಂದೇ ಇರುವ ಘಟಕಗಳಿಗೂ ಆ ಬೆಲೆ ಅನ್ವಯಿಸುವುದಿಲ್ಲ ಎಂದು ಅದೇ ಆದೇಶದಲ್ಲಿ ಕಿಂಡಿ ಬಿಟ್ಟದ್ದೂ ಅದೇ. ನೂರಕ್ಕೆ ನೂರರಷ್ಟಿರುವ ಆಮದು ಸುಂಕ ಹಣಕಾಸು ಸಚಿವಾಲಯದ್ದು. ಶ್ರೀಲಂಕಾದಿಂದ ಬಂದರೆ ಸುಂಕದಲ್ಲಿ ರಿಯಾಯಿತಿ ಸಿಗುವುದು ಎರಡು ದೇಶಗಳ ನಡುವಿನ ವ್ಯಾಪಾರ ಒಪ್ಪಂದದಿಂದ. 2022ರಲ್ಲಿ ಭೂತಾನಿನ 17,000 ಟನ್ ಹಸಿ ಅಡಿಕೆಗೆ ಕನಿಷ್ಠ ಬೆಲೆಯ ಷರತ್ತಿಲ್ಲದೆ ಬಾಗಿಲು ತೆರೆದರಲ್ಲ, ಅದು ಬಂಗಾಳದ ಜೈಗಾಂವ್ ಗಡಿ ಠಾಣೆಯ ದಾರಿ. ಅಲ್ಲಿ ಸಮುದ್ರವೂ ಇಲ್ಲ, ಹಡಗೂ ಇಲ್ಲ. ಮ್ಯಾನ್ಮಾರ್ ಗಡಿಯ ಕಾಡಿನಲ್ಲಿ ನುಸುಳಿ ಬರುವ ಮಾಲಿಗೆ ಬಂದರೂ ಬೇಡ, ಠಾಣೆಯೂ ಬೇಡ. ಇಷ್ಟರಲ್ಲಿ ಯಾವುದೂ ಪಣಂಬೂರಿನ ಬಂದರು ಕಚೇರಿಯಲ್ಲಿ ತೀರ್ಮಾನವಾಗುವಂಥದ್ದಲ್ಲ.

ಹಡಗಿನಲ್ಲೇ ಬಂತು ಎಂದಿಟ್ಟುಕೊಳ್ಳಿ. ಕಂಟೈನರಿನ ಕಾಗದದಲ್ಲಿ ಒಂದು ಬರೆದು ಒಳಗೆ ಇನ್ನೊಂದು ತುಂಬಿದ್ದರೆ ಬಾಗಿಲು ತೆಗೆಸಿ ನೋಡುವ ಅಧಿಕಾರ 1962ರ ಕಸ್ಟಮ್ಸ್ ಕಾಯ್ದೆಯಡಿ ಕಸ್ಟಮ್ಸ್‌ನವರಿಗೆ. ಅದರಲ್ಲಿ ರೋಗವೋ ಹುಳುವೋ ಇದೆಯೇ ಎಂದು ನೋಡುವವರು ಕೇಂದ್ರ ಕೃಷಿ ಇಲಾಖೆಯ ಸಸ್ಯ ಸಂಗರೋಧದವರು. ತಿನ್ನಲು ಯೋಗ್ಯವೇ ಎಂದು ಹೇಳಬೇಕಾದವರು ಆಹಾರ ಸುರಕ್ಷತಾ ಪ್ರಾಧಿಕಾರದವರು. ಎಲೆಚುಕ್ಕಿ, ಹಳದಿ ಎಲೆ, ಕೊಳೆ ಎಂದು ವರ್ಷವಿಡೀ ಮೈಲುತುತ್ತ–ಸುಣ್ಣ ಕಲಸುತ್ತ ಕೂತಿರುವ ನಮಗೆ ಈ ಸಸ್ಯ ಸಂಗರೋಧದವರ ಹೆಸರು ಬಾಯಿಪಾಠ ಇರಬೇಕಿತ್ತು. ಇದ್ದವರನ್ನು ನಾನು ಕಂಡಿಲ್ಲ. ಕಸ್ಟಮ್ಸ್‌ನ ದೊಡ್ಡ ಕಚೇರಿ ನಿಮ್ಮ ಪಕ್ಕದಲ್ಲೇ, ಪಣಂಬೂರಿನಲ್ಲೇ ಇರುವುದರಿಂದ ಹೊರಗಿನವನಿಗೆ ಎಲ್ಲವೂ ಒಂದೇ ಸರ್ಕಾರದ ಒಂದೇ ಗೇಟು.

ಹಾಗಾದರೆ ಬಂದರಿನವರಿಗೆ ಇದರಲ್ಲಿ ಏನೂ ಸಂಬಂಧವಿಲ್ಲವೇ? ಅದನ್ನೂ ಒಪ್ಪಲಾರೆ. ಇಳಿಸಿದ ಆಮದು ಸರಕು ಕಸ್ಟಮ್ಸ್‌ನಿಂದ ಬಿಡುಗಡೆಯಾಗುವವರೆಗೆ ಯಾರ ಸುಪರ್ದಿಯಲ್ಲಿ ಇರಬೇಕು ಎಂದು ಅದೇ ಕಾಯ್ದೆಯ 45ನೇ ಕಲಮು ಹೇಳುತ್ತದೆ. ಸುಪರ್ದಿದಾರರು ಲೆಕ್ಕ ಇಡಬೇಕು, ಅಧಿಕಾರಿಯ ಅಪ್ಪಣೆಯಿಲ್ಲದೆ ಹೊರಗೆ ಬಿಡಬಾರದು, ಕಳುವಾದರೆ ಸುಂಕ ಅವರೇ ತೆರಬೇಕು. ಕಂಟೈನರ್ ಹಡಗು ನಿಲ್ಲುವ ಧಕ್ಕೆಯನ್ನು ನೀವು ಖಾಸಗಿ ನಿರ್ವಾಹಕರಿಗೆ ವಹಿಸಿರಬಹುದು, ನೆಲ ಮಾತ್ರ ನಿಮ್ಮದೇ. ಕಸ್ಟಮ್ಸ್ ಪ್ರತಿನಿಧಿಗೆ ನಿಮ್ಮ ಮಂಡಳಿಯಲ್ಲೇ ಒಂದು ಕುರ್ಚಿ ಇದೆ. ನಮಗೆ ಗೊತ್ತಿಲ್ಲ ಎನ್ನಲು ನಿಮಗೆ ಬರುವುದಿಲ್ಲ.

ಇನ್ನು ನಿಜವಾಗಿ ನಿಮ್ಮದೇ ಆದ ಅಧಿಕಾರದ ವಿಚಾರ.

ಸಂವಿಧಾನದ ಏಳನೇ ಅನುಸೂಚಿಯಲ್ಲಿ ಕೇಂದ್ರ ಪಟ್ಟಿಯ 27ನೇ ಬಾಬ್ತು ಮಹಾಬಂದರುಗಳದ್ದು. ಯಾವುದು ಮಹಾಬಂದರು, ಅದರ ಎಲ್ಲೆ ಎಷ್ಟು, ಅಲ್ಲಿನ ಪ್ರಾಧಿಕಾರಕ್ಕೆ ಏನೇನು ಅಧಿಕಾರ, ಎಲ್ಲ ಸಂಸತ್ತಿನ ಕೈಯಲ್ಲಿ. ಉಳಿದ ಬಂದರುಗಳು ಸಮವರ್ತಿ ಪಟ್ಟಿಯ 31ರಲ್ಲಿವೆ, ನಡೆಸುವುದು ರಾಜ್ಯಗಳು. ಪಣಂಬೂರನ್ನು 1974ರ ಮೇ 4ರಂದು ದೇಶದ ಒಂಬತ್ತನೇ ಮಹಾಬಂದರೆಂದು ಘೋಷಿಸಿದರು. 1975ರ ಜನವರಿ 11ರಂದು ಇಂದಿರಾ ಗಾಂಧಿ ಬಂದು ಉದ್ಘಾಟಿಸಿದರು. 1980ರ ಏಪ್ರಿಲ್ 1ಕ್ಕೆ ಟ್ರಸ್ಟ್ ಮಂಡಳಿ ಬಂತು. 1963ರ ಕಾಯ್ದೆ ಹೋಗಿ 2021ರ ಮಹಾಬಂದರು ಪ್ರಾಧಿಕಾರಗಳ ಕಾಯ್ದೆ ಆ ವರ್ಷದ ನವೆಂಬರಿನಲ್ಲಿ ಜಾರಿಯಾದಾಗ ನಿಮ್ಮ ಬೋರ್ಡಿನ ಮೇಲೆ ಟ್ರಸ್ಟ್ ಅಳಿಸಿ ಪ್ರಾಧಿಕಾರ ಎಂದು ಬರೆದರು. ಈ ಕಾಯ್ದೆಯಡಿ ದೇಶದಲ್ಲಿ ಹನ್ನೊಂದು ಬಂದರುಗಳಿವೆ, ಕರ್ನಾಟಕದಲ್ಲಿ ನಿಮ್ಮದೊಂದೇ. ಗಾತ್ರಕ್ಕೂ ಈ ಪಟ್ಟಿಗೂ ಸಂಬಂಧ ಇದೆಯೆಂದು ತಿಳಿಯಬೇಡಿ. ಯಾವ ಮಹಾಬಂದರಿಗಿಂತಲೂ ಹೆಚ್ಚು ಸರಕು ಸಾಗಿಸುವ ಗುಜರಾತಿನ ಮುಂದ್ರಾ ಖಾಸಗಿಯವರದ್ದು, ಆ ರಾಜ್ಯದ ಕಡಲ ಮಂಡಳಿಯ ಅಧೀನದ್ದು.

ಹೆಸರು ಬದಲಾದದ್ದಕ್ಕಿಂತ ದೊಡ್ಡ ಬದಲಾವಣೆ ಒಳಗೆ ಆಗಿದೆ. ಮೊದಲು ಮಹಾಬಂದರುಗಳ ದರ ಗೊತ್ತುಮಾಡಲು 1997ರಿಂದ ಒಂದು ಪ್ರತ್ಯೇಕ ದರ ಪ್ರಾಧಿಕಾರ ಇತ್ತು, ಈಗ ದರಪಟ್ಟಿ ಮಾಡುವ ಅಧಿಕಾರ ನಿಮ್ಮ ಮಂಡಳಿಗೇ. ಬಂದರು ಎಲ್ಲೆಯೊಳಗಿನ ಬೆಳವಣಿಗೆಗೆ ನೀವೇ ಮಹಾಯೋಜನೆ ಮಾಡಬಹುದು, ಸ್ಥಳೀಯ ಆಡಳಿತದ ಯೋಜನೆಗೂ ಅದಕ್ಕೂ ತಾಕಲಾಟ ಬಂದರೆ ನಡೆಯುವುದು ನಿಮ್ಮದೇ ಎಂದು ಕಾಯ್ದೆ ಹೇಳುತ್ತದೆ. ನಮ್ಮ ಗ್ರಾಮ ಪಂಚಾಯ್ತಿ ಒಂದು ಮೋರಿ ಹಾಕಿಸಬೇಕಾದರೆ ಎಷ್ಟು ಇಲಾಖೆಯ ಮೆಟ್ಟಿಲು ಹತ್ತಬೇಕೆಂದು ಬಲ್ಲವರಿಗೆ ಇದರ ತೂಕ ತಿಳಿಯುತ್ತದೆ. ಇಷ್ಟು ಬಲವಾದ ಅಧಿಕಾರ ಇರುವುದು ಗೆರೆಯ ಒಳಗೆ. ಗೆರೆ ದಾಟಿದರೆ ಕಾನೂನಿನಲ್ಲಿ ನೀವೂ ನಮ್ಮ ಹಾಗೇ ಅರ್ಜಿ ಕೊಡುವವರು.

ನಮ್ಮವರು ಇನ್ನೊಂದನ್ನೂ ಬೆರೆಸಿಬಿಡುತ್ತಾರೆ. ಶರಾವತಿ ಸಮುದ್ರ ಸೇರುವ ಹೊನ್ನಾವರದ ಕಾಸರಕೋಡಿನಲ್ಲಿ ಬಂದರು ಬೇಡವೆಂದು ಮೀನುಗಾರರು ಬೀದಿಗಿಳಿದರಲ್ಲ, ಘಟ್ಟದ ಮೇಲಿನ ಸಾಗರ ತಾಲ್ಲೂಕಿನ ಕಡೆಯವರು ಅದನ್ನೂ ನಿಮ್ಮ ಲೆಕ್ಕಕ್ಕೇ ಬರೆಯುತ್ತಾರೆ. ಅದು ಕರ್ನಾಟಕ ಕಡಲ ಮಂಡಳಿಯದ್ದು. ಜಪ್ತಿ ಮಾಡಿಟ್ಟ ಅದಿರೇ ಮಾಯವಾದ ಬೇಲೆಕೇರಿಯೂ ರಾಜ್ಯದ ಬಂದರು, ಅದರ ಕತೆ ಲೋಕಾಯುಕ್ತದ 2011ರ ವರದಿಯಲ್ಲಿದೆ. ಕಾರವಾರ, ತದಡಿ, ಮಲ್ಪೆ, ಗಂಗೊಳ್ಳಿ, ಅಷ್ಟೇಕೆ ಮಂಗಳೂರು ಪೇಟೆಯ ಪಕ್ಕದ ಹಳೆಬಂದರು ಕೂಡ ನಿಮ್ಮದಲ್ಲ. 1908ರ ಬ್ರಿಟಿಷ್ ಕಾಲದ ಬಂದರು ಕಾಯ್ದೆಯ ಜಾಗದಲ್ಲಿ 2025ರಲ್ಲಿ ಸಂಸತ್ತು ಹೊಸದನ್ನು ಅಂಗೀಕರಿಸಿತು. ಕೇಂದ್ರದ್ದು ಬೇರೆ, ರಾಜ್ಯದ್ದು ಬೇರೆ ಎಂಬ ಪಾಲು ಅದರಲ್ಲೂ ಉಳಿದಿದೆ.

ಇಷ್ಟು ಓದಿ "ನೋಡಿ, ಈ ರೈತರಿಗಾದರೂ ಅರ್ಥವಾಯಿತು, ನಮ್ಮದು ಕಾಂಪೌಂಡಿನ ಒಳಗೆ ಮಾತ್ರ" ಎಂದು ನೀವು ಸಮಾಧಾನಪಟ್ಟುಕೊಂಡರೆ, ಕುದುರೆಮುಖದ ಕಡೆಗೊಮ್ಮೆ ತಿರುಗಿ ನೋಡಿ.

ನಿಮ್ಮ ಬಂದರು ಕಟ್ಟಿದ ಕಾಲದಲ್ಲಿ ಅದರ ದೊಡ್ಡ ಗಿರಾಕಿಯಾಗಿ ಬಂದದ್ದು ನಮ್ಮ ಗುಡ್ಡ. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿತು. ಇರಾನಿನ ಸಾಲ, ಇರಾನಿನ ಉಕ್ಕಿನ ಕಾರ್ಖಾನೆಗೇ ಅದಿರು ಎಂಬ ಕರಾರು. ಅಲ್ಲಿ ಕ್ರಾಂತಿಯಾಗಿ ಶಾ ಓಡಿಹೋದ ಮೇಲೆ ಕರಾರು ಮುರಿಯಿತು, ಗಣಿ ಮಾತ್ರ ನಿಲ್ಲಲಿಲ್ಲ. ಮ್ಯಾಗ್ನಟೈಟ್ ಅದಿರನ್ನು ಅರೆದು, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟ ಇಳಿಸಿ ಪಣಂಬೂರಿಗೆ ಮುಟ್ಟಿಸುತ್ತಿದ್ದರು. ವರ್ಷಕ್ಕೆ 75 ಲಕ್ಷ ಟನ್ ಎಂದು ಹಾಕಿಕೊಂಡ ಯೋಜನೆ ಅದು. ಅಲ್ಲಿ ನೀರು ಸೋಸಿ, ಮುಂದೆ ಉಂಡೆ ಕಟ್ಟಿ, ಹಡಗಿಗೆ ತುಂಬುತ್ತಿದ್ದರು. ಎಂಜಿನಿಯರುಗಳ ಕೈಚಳಕಕ್ಕೆ ತಲೆಬಾಗಬೇಕು, ಅದರಲ್ಲಿ ಮಾತಿಲ್ಲ. ಲಾರಿಯೂ ಬೇಡ, ರೈಲೂ ಬೇಡ, ಗುಡ್ಡ ತಾನೇ ಕರಗಿ ಇಳಿದು ಹೋಗುತ್ತಿತ್ತು.

ಉಳಿದ ಕೆಸರು ಎಲ್ಲಿಗೆ ಹೋಯಿತು? ಲಕ್ಯಾ ಹೊಳೆಗೆ ಅಡ್ಡಲಾಗಿ ನೂರು ಮೀಟರ್ ಎತ್ತರದ ಅಣೆಕಟ್ಟು ಕಟ್ಟಿ ಅದರ ಹಿಂದೆ ತುಂಬಿಸಿದರು. ಅಲ್ಲಿ ಹೊಯ್ಯುವ ಮಳೆ ಎಂಥದ್ದೆಂದು ಕಳಸ, ಸಂಸೆಯವರನ್ನು ಕೇಳಿ. ಮಳೆಗಾಲದಲ್ಲಿ ತೊಳೆದು ಬಂದ ಮಣ್ಣು ಭದ್ರೆಗೆ, ಭದ್ರೆಯಿಂದ ಲಕ್ಕವಳ್ಳಿಯ ಜಲಾಶಯಕ್ಕೆ. ಆ ನೀರನ್ನು ನಂಬಿದವರು ಭದ್ರಾವತಿಯವರು, ಶಿವಮೊಗ್ಗ–ದಾವಣಗೆರೆಯ ಗದ್ದೆ ತೋಟದವರು. ಕೊನೆಗೆ ಸುಪ್ರೀಂ ಕೋರ್ಟು 2002ರ ಅಕ್ಟೋಬರ್ 30ರಂದು ತೀರ್ಪು ಕೊಟ್ಟು 2005ರ ಕೊನೆಗೆ ಗಣಿ ಮುಚ್ಚಿಸಿತು. ಪಣಂಬೂರಿನ ಉಂಡೆ ಕಾರ್ಖಾನೆಗೆ ಆಮೇಲೆ ಛತ್ತೀಸಗಢದ ಬೈಲಾಡಿಲದ ಅದಿರು ವಿಶಾಖಪಟ್ಟಣ ಸುತ್ತಿ ಹಡಗಿನಲ್ಲಿ ಬಂತು. ಅಲ್ಲಿನ ಗುಡ್ಡದವರು ಏನಂದುಕೊಂಡರೋ.

ಗಣಿಗೆ ಪರವಾನಗಿ ಕೊಟ್ಟವರು ನೀವಲ್ಲ, ಕೊಳವೆ ಹಾಕಿದವರೂ ನೀವಲ್ಲ. ಆದರೆ ಧಕ್ಕೆ ಇಲ್ಲದಿದ್ದರೆ ಆ ಗಣಿಯೇ ಇರುತ್ತಿರಲಿಲ್ಲ, ಗಣಿ ಇಲ್ಲದಿದ್ದರೆ ಅಷ್ಟು ದೊಡ್ಡ ಅದಿರು ಧಕ್ಕೆ ಬೇಕಾಗುತ್ತಲೂ ಇರಲಿಲ್ಲ. ಇಪ್ಪತ್ತೈದು ವರ್ಷ ನಿಮ್ಮ ಲಾಭದ ಪುಸ್ತಕದಲ್ಲಿ ನಮ್ಮ ಗುಡ್ಡ ಇತ್ತು, ನಿಮ್ಮ ವ್ಯಾಪ್ತಿಯ ನಕ್ಷೆಯಲ್ಲಿ ಇರಲಿಲ್ಲ. ನಾನು ಆಕ್ಷೇಪಿಸುವುದು ಇದನ್ನೇ. ನಾಳೆ ಇನ್ನೊಂದು ಸರಕು, ಇನ್ನೊಂದು ಕೊಳವೆ, ಇನ್ನೊಂದು ಅಷ್ಟಪಥ ಬಂದಾಗಲೂ ಲೆಕ್ಕ ಹೀಗೇ ಬರೆಯುತ್ತೀರಾ?

ನಿಮಗೆ ಬೇಕಾದಾಗ ಗೆರೆ ದಾಟಿದ ಉದಾಹರಣೆಗಳೂ ಇವೆ. ಸುರತ್ಕಲ್ಲು–ನಂತೂರು, ಬಿ.ಸಿ. ರೋಡು–ಪಡೀಲು ರಸ್ತೆ ಅಗಲ ಮಾಡಲು ಹೆದ್ದಾರಿ ಪ್ರಾಧಿಕಾರದ ಜೊತೆ ಹುಟ್ಟಿದ ಕಂಪನಿಗೆ ಹೆಸರೇ ನವಮಂಗಳೂರು ಬಂದರು ರಸ್ತೆ ಕಂಪನಿ. ಹಾಸನ–ಮಂಗಳೂರು ಮೀಟರ್ ಗೇಜ್ ಹಳಿಯನ್ನು ಬ್ರಾಡ್ ಗೇಜ್ ಮಾಡಲು ರೈಲ್ವೆ ಮತ್ತು ರಾಜ್ಯ ಸರ್ಕಾರ ಸೇರಿ ಕಟ್ಟಿದ ಕಂಪನಿಯಲ್ಲಿ ಬಂದರಿನ ಹಣವೂ ಇದೆ. ಆ ಹಳಿ ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ದಾರಿ ಅಚ್ಚ ಮಲೆನಾಡು. ಅಂದರೆ ಬೇಕೆಂದಾಗ ನಿಮ್ಮ ಕೈ ಘಟ್ಟದ ನೆತ್ತಿಯವರೆಗೂ ಚಾಚುತ್ತದೆ. ಮಾಡಿದ್ದು ತಪ್ಪೆನ್ನುತ್ತಿಲ್ಲ, ಅದು ಶಿವಮೊಗ್ಗದ ದಿಕ್ಕಿಗೆ ಯಾಕೆ ಚಾಚಲಿಲ್ಲ ಎನ್ನುತ್ತಿದ್ದೇನೆ.

ನಮ್ಮ ದಾರಿಗಳನ್ನು ನೋಡಿ. ಆಗುಂಬೆಯ ಹದಿನಾಲ್ಕು ತಿರುವಿನಲ್ಲಿ ಭಾರಿ ವಾಹನ ನಿಷೇಧ. ಚಾರ್ಮಾಡಿ 2019ರ ಆಗಸ್ಟಿನಲ್ಲಿ ಕುಸಿದ ಮೇಲೆ ಭಾರಿ ಲಾರಿಗಳ ದಾರಿಯಾಗಿ ಉಳಿದಿಲ್ಲ. ಶಿರಾಡಿ ಪ್ರತಿ ಮಳೆಗಾಲದಲ್ಲೂ ಗುಡ್ಡ ಜಾರಿ ಸುದ್ದಿಯಾಗುತ್ತದೆ. ಹುಲಿಕಲ್ಲಿನ ಬಾಳೆಬರೆ ಘಾಟಿ ಇಳಿದು ಬಂದ ಲಾರಿ ಡ್ರೈವರನ ಮುಖ ನೋಡಿದರೆ ಸಾಕು, ದಾರಿಯ ವರ್ಣನೆ ಬೇಡ. ಶೃಂಗೇರಿ, ಕೆರೆಕಟ್ಟೆ, ಕಾರ್ಕಳದ ಹೆದ್ದಾರಿ ರಾಷ್ಟ್ರೀಯ ಉದ್ಯಾನದ ಮಗ್ಗುಲಲ್ಲಿ ಹಾದು ಬರುತ್ತದೆ, ಅದನ್ನು ಅಗಲ ಮಾಡಿ ಎಂದು ಕೇಳುವ ಮನಸ್ಸು ನನಗಂತೂ ಇಲ್ಲ. ರೈಲಿನಲ್ಲಿ ಶಿವಮೊಗ್ಗದಿಂದ ಮಂಗಳೂರಿಗೆ ಹೋಗಬೇಕೆಂದರೆ ಬೀರೂರು, ಅರಸೀಕೆರೆ, ಹಾಸನ ಸುತ್ತಬೇಕು.

ಹಾಗೆಂದು ಎಲ್ಲ ಘಾಟಿಯನ್ನೂ ಸೀಳಿ ಎಂದು ಕೂಗುವ ಗುಂಪಿನವನಲ್ಲ ನಾನು. ನಮ್ಮ ಕಡೆಯೇ ಆ ಕೂಗು ಇದೆ, ಒಪ್ಪುತ್ತೇನೆ. ಗುಡ್ಡ ಸೀಳಿದ ವರ್ಷ ರಸ್ತೆ ಬರುತ್ತದೆ, ಮೂರನೇ ಮಳೆಗಾಲಕ್ಕೆ ಗುಡ್ಡವೇ ರಸ್ತೆಗೆ ಬರುತ್ತದೆ. ಬದಲಿಗೆ ಶಿವಮೊಗ್ಗದ ಆಸುಪಾಸಿನಲ್ಲೇ ಸರಕು ತುಂಬಿ, ಕಸ್ಟಮ್ಸ್ ಮೊಹರು ಒತ್ತಿ, ರೈಲಿನಲ್ಲಿ ಕಳಿಸುವ ಏರ್ಪಾಟು ಆಗುವುದೇ ಎಂದು ಯಾರಾದರೂ ಲೆಕ್ಕ ಹಾಕಿ ನೋಡಬೇಕು. ಮಂಡಳಿಯಲ್ಲಿ ರೈಲ್ವೆಯವರೂ ಇದ್ದಾರೆ, ಕಸ್ಟಮ್ಸ್‌ನವರೂ ಇದ್ದಾರೆ, ರಾಜ್ಯ ಸರ್ಕಾರದವರೂ ಇದ್ದಾರೆ. ಈ ಮೂವರನ್ನು ಒಂದೇ ಮೇಜಿನ ಸುತ್ತ ಕೂರಿಸಲು ನಮ್ಮ ಶಾಸಕರಿಗೆ ವರ್ಷಗಟ್ಟಲೆ ಬೇಕಾಗುತ್ತದೆ. ನಿಮ್ಮಲ್ಲಿ ಅವರು ಪ್ರತಿ ಸಭೆಗೂ ಬರುತ್ತಾರೆ.

ಮಂಡಳಿಯ ಮಾತು ಬಂತಲ್ಲ, ಅದನ್ನೂ ಸ್ವಲ್ಪ ಬಿಡಿಸಿ ಹೇಳಬೇಕು. ಹಳೆಯ ಕಾಯ್ದೆಯಲ್ಲಿ ಹತ್ತೊಂಬತ್ತರವರೆಗೂ ಟ್ರಸ್ಟಿಗಳಿರುತ್ತಿದ್ದರು. ಹಡಗಿನವರು, ಸರಕು ಕಳಿಸುವವರು, ಬಂದರು ಬಳಸುವ ಬೇರೆ ಬೇರೆ ಹಿತಾಸಕ್ತಿಯವರಿಗೆ ಅದರಲ್ಲಿ ಜಾಗ ಇತ್ತು. ದೊಡ್ಡ ವ್ಯಾಪಾರಿಗಳೇ ಕೂರುತ್ತಿದ್ದರು ನಿಜ, ನಮ್ಮಂಥವರಲ್ಲ. ಆದರೂ ಚಿಕ್ಕಮಗಳೂರಿನ ಕಾಫಿ ಕಳಿಸುವವನೊಬ್ಬ ಟ್ರಸ್ಟಿಯಾಗುವುದಕ್ಕೆ ಕಾನೂನಿನಲ್ಲಿ ಬಾಗಿಲಿತ್ತು. 2021ರ ಕಾಯ್ದೆ ಮಂಡಳಿಯನ್ನು ಹದಿಮೂರಕ್ಕೆ ಇಳಿಸಿತು. ಅಧ್ಯಕ್ಷ, ಉಪಾಧ್ಯಕ್ಷ, ರಾಜ್ಯ ಸರ್ಕಾರ, ರೈಲ್ವೆ, ರಕ್ಷಣೆ, ಕಸ್ಟಮ್ಸ್‌ಗೆ ಒಂದೊಂದು, ಕೇಂದ್ರದ ಒಬ್ಬ ಅಧಿಕಾರಿ, ನೌಕರರ ಪರವಾಗಿ ಇಬ್ಬರು, ಜೊತೆಗೆ ಎರಡರಿಂದ ನಾಲ್ಕು ಮಂದಿ ಸ್ವತಂತ್ರ ಸದಸ್ಯರು. ಬೇಗ ತೀರ್ಮಾನವಾಗಲಿ ಎಂಬ ಉದ್ದೇಶ ಇರಬಹುದು. ಚಿಕ್ಕ ಸಭೆ ಬೇಗ ಮುಗಿಯುತ್ತದೆ, ಕೇಳುವವರು ಕಡಿಮೆ ಇರುತ್ತಾರಲ್ಲ.

ಈಚಿನ ವರ್ಷಗಳಲ್ಲಿ ವರ್ಷಕ್ಕೆ 4 ಕೋಟಿ ಟನ್ನಿಗೂ ಮಿಗಿಲಾಗಿ ಸರಕು ನಿಮ್ಮ ಧಕ್ಕೆಗಳಲ್ಲಿ ಏರಿಳಿಯುತ್ತದೆ. ಅದರಲ್ಲಿ ಹೆಚ್ಚಿನದು ಮಂಗಳೂರಿನ ತೈಲ ಶುದ್ಧೀಕರಣ ಕಾರ್ಖಾನೆ ಎಂ.ಆರ್.ಪಿ.ಎಲ್.ನ ಕಚ್ಚಾ ತೈಲ, ಅದರ ಉತ್ಪನ್ನಗಳು, ಕಲ್ಲಿದ್ದಲು. ಅವರ ಎದುರಿಗೆ ನಮ್ಮದು ಸಣ್ಣ ದನಿ ಎಂಬುದು ಗೊತ್ತಿದೆ. ಆದರೆ ನಮ್ಮ ಅಡುಗೆಮನೆಯ ಸಿಲಿಂಡರು, ತೋಟಕ್ಕೆ ಹಾಕುವ ಪೊಟ್ಯಾಷು, ಬಾಗಿಲು ಕಿಟಕಿಗೆ ಬರುವ ಹೊರದೇಶದ ಮರ ನಿಮ್ಮಂಥ ಬಂದರುಗಳಲ್ಲೇ ಇಳಿಯುವುದು. ಚಿಕ್ಕಮಗಳೂರು, ಹಾಸನ, ಕೊಡಗಿನ ಕಾಫಿ ಹತ್ತುವುದು ಅಲ್ಲೇ. ನಿಮ್ಮ ಕಾಗದಗಳಲ್ಲಿ ನಮಗೆ ಹಿನ್ನಾಡು, ಅಂದರೆ ಬಂದರಿನ ಬೆನ್ನಿಗಿರುವ ಸೀಮೆ, ಎಂಬ ಹೆಸರಿದೆ. ಸರಕಿನ ಲೆಕ್ಕ ಬಂದಾಗ ಅದು ನೆನಪಾಗುತ್ತದೆ, ಸಭೆ ಕರೆಯುವಾಗ ಮರೆತುಹೋಗುತ್ತದೆ.

ಇಲ್ಲೊಂದು ಹಳೆಯ ಸಂಗತಿ ಹೇಳದೆ ಇರಲಾರೆ. 1623ರಲ್ಲಿ ಗೋವೆಯ ಪೋರ್ಚುಗೀಸರ ದೂತ ಮೆಣಸಿನ ವ್ಯವಹಾರ ಮಾತಾಡಲು ಹೊನ್ನಾವರದಲ್ಲಿ ಇಳಿದು, ಗೇರುಸೊಪ್ಪೆಯ ಘಟ್ಟ ಹತ್ತಿ, ಇಕ್ಕೇರಿಯ ವೆಂಕಟಪ್ಪ ನಾಯಕನ ಅರಮನೆಗೆ ಬಂದಿದ್ದ. ಅವನ ಜೊತೆಗಿದ್ದ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಅದನ್ನೆಲ್ಲ ಬರೆದಿಟ್ಟಿದ್ದಾನೆ. ಮೂರು ದಶಕದ ನಂತರ ಶಿವಪ್ಪ ನಾಯಕ ಹೊನ್ನಾವರ, ಗಂಗೊಳ್ಳಿ, ಬಸರೂರು, ಮಂಗಳೂರಿನ ಕೋಟೆಗಳನ್ನೇ ಪೋರ್ಚುಗೀಸರಿಂದ ಕಿತ್ತುಕೊಂಡ. ಆಗ ಕರಾವಳಿಯ ಬಂದರಿನ ಮಾತು ತೀರ್ಮಾನವಾಗುತ್ತಿದ್ದದ್ದು ಘಟ್ಟದ ಮೇಲಿನ ಸಾಗರ, ಬಿದನೂರು ನಗರದ ಸೀಮೆಯಲ್ಲಿ. ಆ ದರ್ಬಾರು ವಾಪಸು ಬೇಕೆಂದು ನಾನು ಕೇಳುತ್ತಿಲ್ಲ. ಘಟ್ಟ ಹತ್ತಿ ಬಂದು ಮಾತಾಡುವುದು ಬಂದರಿನವರಿಗೆ ಹೊಸ ಪದ್ಧತಿಯಲ್ಲ ಎಂದಷ್ಟೇ ನೆನಪಿಸಿದೆ.

ಈಗ ಕೇಳಿಕೆಗೆ ಬರುತ್ತೇನೆ. ಮೊದಲನೆಯದು ತೀರಾ ಸಣ್ಣದು, ಆದರೆ ನಮ್ಮ ಮಟ್ಟಿಗೆ ಅದೇ ದೊಡ್ಡದು. ನಿಮ್ಮ ಸಾಗಣೆ ಲೆಕ್ಕದಲ್ಲಿ ಕಂಟೈನರುಗಳು ಸಂಖ್ಯೆಯಾಗಿ, ಟನ್ನಾಗಿ ಕಾಣುತ್ತವೆ, ಒಳಗಿನ ವಸ್ತು ಕಸ್ಟಮ್ಸ್‌ನವರ ದಾಖಲೆಗೆ ಸೇರಿದ್ದು. ಮಂಡಳಿಯಲ್ಲಿ ಅವರ ಪಕ್ಕದಲ್ಲೇ ಕೂರುವ ನೀವು ಅವರೊಡನೆ ಮಾತಾಡಿ, ತಿಂಗಳಿಗೊಮ್ಮೆ ಒಂದು ಸಾಲು ಪ್ರಕಟಿಸಿ: ಈ ತಿಂಗಳು ಈ ಬಂದರಿನಲ್ಲಿ ಇಳಿದ ಅಡಿಕೆ ಇಷ್ಟು, ಬಂದ ದೇಶ ಇದು, ಘೋಷಿಸಿದ ಬೆಲೆ ಇಷ್ಟು. ಆಮದುದಾರನ ಹೆಸರು ಬೇಡ. ಏನೂ ಇಳಿಯದಿದ್ದರೆ ಸೊನ್ನೆ ಎಂದೇ ಬರೆಯಿರಿ. ಆ ಸೊನ್ನೆಯನ್ನು ಮ್ಯಾಮ್ಕೋಸ್‌ನಂಥ ಸಹಕಾರಿ ಸಂಘಗಳು ತಮ್ಮ ಕಚೇರಿಯ ಬೋರ್ಡಿನಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ಅಡಿಕೆ ದರ್ಜೆಗಳ ಧಾರಣೆಯ ಕೆಳಗೆ ಬರೆದು ಹಾಕಲಿ. ಹಡಗು ಬಂತೆಂಬ ಗುಲ್ಲೆಬ್ಬಿಸಿ, ಹೆದರಿದ ಸಣ್ಣ ಬೆಳೆಗಾರನ ಅಡಿಕೆಯನ್ನು ಅಂಗಳದಲ್ಲೇ ಅಗ್ಗಕ್ಕೆ ಎತ್ತುವವರು ನಮ್ಮಲ್ಲೇ ಇದ್ದಾರೆ. ಅವರ ಬಂಡವಾಳ ಅಲ್ಲಿಗೆ ಕರಗುತ್ತದೆ.

ಯಾವ ಕೆಲಸ ಯಾರದು ಎಂಬುದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಿ. ಹಡಗನ್ನು ಒಳಗೆ ತರುವ ಪೈಲಟ್, ಧಕ್ಕೆ, ಹೂಳೆತ್ತುವುದು, ಗೋದಾಮು, ದರ, ಬಂದರಿನ ನೆಲ ಇವು ನಿಮ್ಮವು. ಸುಂಕ, ತಪಾಸಣೆ, ಸಸ್ಯ ರೋಗ, ಆಹಾರ ಪರೀಕ್ಷೆ ಇವು ಯಾರ್‍ಯಾರವು, ಅವರ ಕಚೇರಿ ಎಲ್ಲಿ, ದೂರು ಹೇಗೆ ಕೊಡಬೇಕು, ಅದನ್ನೂ ಬರೆಯಿರಿ. ಬಂದರು ಬಳಸುವವರ ದೂರು ಕೇಳಲು ನ್ಯಾಯನಿರ್ಣಯ ಮಂಡಳಿ ಇರಬೇಕೆಂದು ನಿಮ್ಮ ಕಾಯ್ದೆಯಲ್ಲೇ ಇದೆ. ಅಲ್ಲಿಗೆ ಹೋಗುವ ದಾರಿಯನ್ನೂ ಸೇರಿಸಿ. ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿದರೆ ಉತ್ತರ ಬರುತ್ತದೆ, ಗೊತ್ತು. ಪ್ರತಿಯೊಬ್ಬ ಬೆಳೆಗಾರನೂ ಹತ್ತು ರೂಪಾಯಿ ಹಿಡಿದುಕೊಂಡು ಸಾಲು ನಿಲ್ಲಬೇಕೇ?

ಸ್ವತಂತ್ರ ಸದಸ್ಯರ ಜಾಗಕ್ಕೆ ಹೆಸರು ಹುಡುಕುವಾಗ ಹಿನ್ನಾಡಿನ ಕೃಷಿ ಸರಕನ್ನು ಬಲ್ಲ ಒಬ್ಬರಾದರೂ ಇರಲಿ ಎಂದು ನೀವೇ ಕೇಂದ್ರಕ್ಕೆ ಬರೆಯಬಹುದು. ನೇಮಕ ನಿಮ್ಮ ಕೈಯಲ್ಲಿಲ್ಲದಿದ್ದರೂ ಪತ್ರ ಬರೆಯಲು ಅಡ್ಡಿಯಿಲ್ಲ. ರಾಜ್ಯ ಸರ್ಕಾರಕ್ಕೂ ಇಲ್ಲೇ ಒಂದು ಮಾತು: ನಿಮಗಿರುವುದು ಒಂದೇ ಕುರ್ಚಿ. ಅಲ್ಲಿ ಕೂತವರು ಮಲೆನಾಡಿನ ಪರವಾಗಿ ಏನು ಮಾತಾಡಿದರು ಎಂದು ವರ್ಷಕ್ಕೊಮ್ಮೆಯಾದರೂ ವಿಧಾನಸಭೆಯ ಮುಂದಿಡಿ.

ಶಿಕ್ಷಣ, ಆರೋಗ್ಯ, ತರಬೇತಿಗೆಂದು ಬಂದರಿನ ನಿಧಿಯಿಂದ ಖರ್ಚು ಮಾಡಬಹುದು ಎಂಬ ಅವಕಾಶ ಹೊಸ ಕಾಯ್ದೆಯಲ್ಲಿದೆ. ಅದರಲ್ಲಿ ಮೊದಲ ಹಕ್ಕು ಬಂದರಿಗಾಗಿ ನೆಲ ಬಿಟ್ಟ ಪಣಂಬೂರು, ಬೈಕಂಪಾಡಿಯ ಕಡೆಯವರದ್ದು. ಅವರ ತಟ್ಟೆಗೆ ಕೈ ಹಾಕುವ ಮನಸ್ಸು ನಮಗಿಲ್ಲ. ಕುದುರೆಮುಖದ ಸುತ್ತಿನ ಹೊಳೆಗಳ ಹೂಳಿನ ವಿಚಾರದಲ್ಲಿ ಮಾತ್ರ ನಿಮ್ಮ ಪಾಲು ಏನೂ ಇಲ್ಲ ಎನ್ನಬೇಡಿ.

ಕಡೆಯದಾಗಿ, ವರ್ಷಕ್ಕೊಮ್ಮೆ ಶಿವಮೊಗ್ಗದಲ್ಲಿ ಒಂದು ಬಹಿರಂಗ ಸಭೆ ಮಾಡಿ. ಕಸ್ಟಮ್ಸ್‌ನವರನ್ನೂ ಸಸ್ಯ ಸಂಗರೋಧದವರನ್ನೂ ರೈಲ್ವೆಯವರನ್ನೂ ಜೊತೆಗೆ ಕರೆತನ್ನಿ. ಹೋಟೆಲಿನ ಹವಾನಿಯಂತ್ರಿತ ಸಭಾಂಗಣ ಬೇಡ, ಎ.ಪಿ.ಎಂ.ಸಿ. ಪ್ರಾಂಗಣ ಸಾಕು. ಇಂಗ್ಲಿಷಿನ ಪರದೆ ತೋರಿಸಿ ಹೋಗಬೇಡಿ, ಪ್ರಶ್ನೆಗೆ ಉತ್ತರ ಕೊಡಿ. ಬಯ್ಯುವವರು ಇರುತ್ತಾರೆ, ಅದಕ್ಕೆ ತಯಾರಾಗಿ ಬನ್ನಿ. ಕೊಯ್ಲು ಬಿರುಸಾದ ಮೇಲೆ ನಮಗೆ ಪುರುಸೊತ್ತಿರುವುದಿಲ್ಲ, ಸುಲಿಯುವ ಬೇಯಿಸುವ ಗಡಿಬಿಡಿ. ಅದಕ್ಕೆ ಮೊದಲು, ಮಳೆ ಸ್ವಲ್ಪ ಹೊಳವಾದ ಹೊತ್ತಿಗೆ ದಿನ ಗೊತ್ತುಮಾಡಿದರೆ ಜನ ಸೇರಿಸುವ ಜವಾಬ್ದಾರಿ ನಮ್ಮದು. ಬರುವ ದಾರಿಯ ಚಿಂತೆ ನಿಮಗೆ ಬೇಡ. ಆಗುಂಬೆಯಲ್ಲಿ ಕಾರುಗಳನ್ನು ಬಿಡುತ್ತಾರೆ.

ಇತಿ,
ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ಅಡಿಕೆ ಬೆಳೆಗಾರ